ಪರದೇಶದ ಪ್ರತಿದಿನ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದ ಹಿರಿಯರು ಇವತ್ತು ಕರ್ನಾಟಕದ ಊರೂರಲ್ಲೂ ಇದ್ದಾರೆ. ಬೆಂಗಳೂರಿನ ಜಯನಗರ, ಮೈಸೂರಿನ ಕುವೆಂಪುನಗರದ ಮಾತಿರಲಿ, ಶಿರಸಿ, ತೀರ್ಥಹಳ್ಳಿ, ಅರಸೀಕೆರೆಗಳಲ್ಲೂ ಸಂಜೆ ಬೆಂಚಿನ ಮೇಲೆ ಕೂತವರ ಮಾತಿನಲ್ಲಿ ನ್ಯೂಜೆರ್ಸಿ, ಸನ್ನಿವೇಲ್, ಡಲ್ಲಾಸ್ ಬಂದುಹೋಗುತ್ತವೆ. "ಏನೇನು ನೋಡಿದಿರಿ?" ಎಂದು ಕೇಳಿದರೆ ಸಿಗುವ ಮೊದಲ ಉತ್ತರ ಹೆಚ್ಚುಕಡಿಮೆ ಎಲ್ಲರದೂ ಒಂದೇ. ನಯಾಗರ, ಲಿಬರ್ಟಿ ಪ್ರತಿಮೆ, ಗೋಲ್ಡನ್ ಗೇಟ್ ಸೇತುವೆ, ಗ್ರ್ಯಾಂಡ್ ಕ್ಯಾನ್ಯನ್. ಫೋನು ಹೊರಬರುತ್ತದೆ, ಫೋಟೊಗಳು ಒಂದಾದ ಮೇಲೊಂದು ಸರಿಯುತ್ತವೆ. ಐದು ನಿಮಿಷದಲ್ಲಿ ಆ ಪಟ್ಟಿ ಮುಗಿಯುತ್ತದೆ.

ಎದ್ದುಹೋಗದೆ ಇನ್ನೊಂದು ಲೋಟ ಕಾಫಿಯವರೆಗೆ ಕೂತರೆ ಬೇರೆಯದೇ ಅಮೆರಿಕ ಮಾತಿಗೆ ಬರುತ್ತದೆ. ಬೆಳಿಗ್ಗೆ ಮೊಮ್ಮಗಳನ್ನು ಹಳದಿ ಬಸ್ಸಿಗೆ ಹತ್ತಿಸಿ ಬರುತ್ತಿದ್ದದ್ದು. ಹಿತ್ತಲ ಬೇಲಿಯ ಮೇಲೆ ದಿನಾ ಅದೇ ಹೊತ್ತಿಗೆ ಓಡಾಡುತ್ತಿದ್ದ ಅಳಿಲು. ಹೆಸರು ಗೊತ್ತಿಲ್ಲದಿದ್ದರೂ ಎದುರಾದಾಗಲೆಲ್ಲ ಕೈಯೆತ್ತುತ್ತಿದ್ದ ಪಕ್ಕದ ಮನೆಯ ಮುದುಕ. ಮಂಗಳವಾರ ಕಸದ ಡಬ್ಬಗಳನ್ನು ರಸ್ತೆಯಂಚಿಗೆ ಎಳೆದಿಡುವ ಕೆಲಸ ತನ್ನದೆಂದು ಅಜ್ಜ ತಾನಾಗಿ ವಹಿಸಿಕೊಂಡದ್ದು. ಅಲ್ಲಿನ ದಪ್ಪ ಹಾಲಿನಲ್ಲಿ ಹೆಪ್ಪು ಹಾಕಿದ ಮೊಸರು ಹೇಗಿರುತ್ತಿತ್ತು ಎಂಬ ವರ್ಣನೆ. ಇವನ್ನೆಲ್ಲ ಹೇಳುವಾಗ ಅವರ ದನಿ ಬದಲಾಗುತ್ತದೆ, ಮುಖ ಅರಳುತ್ತದೆ. ನಯಾಗರದ ಬಗ್ಗೆ ಹೇಳುವಾಗ ಅವರು ವರದಿ ಒಪ್ಪಿಸುತ್ತಿದ್ದರು. ಈಗ ಮತ್ತೆ ಅಲ್ಲಿಗೇ ಹೋಗಿಬಿಟ್ಟಿರುತ್ತಾರೆ.

ನಾನು ಬರೆಯಬೇಕೆಂದಿರುವುದು ಈ ಎರಡನೆಯ ಅಮೆರಿಕದ ಬಗ್ಗೆ. ಪರದೇಶದ ಪ್ರವಾಸದಲ್ಲಿ ನಾವು ಮುಂದೆ ಅತಿ ಹೆಚ್ಚು ಹಂಬಲಿಸುವುದು ಅಲ್ಲಿ ಕಳೆದ ಸಾಧಾರಣ ದಿನಗಳಿಗಾಗಿ. ನೆನಪು ಬೇಗ ಕೈಬಿಡುವುದೂ ಅವನ್ನೇ. ಹೀಗಾಗಿ ಪ್ರವಾಸದಲ್ಲಿ ಕಾಪಾಡಿಕೊಳ್ಳಲೇಬೇಕಾದ ಭಾಗ ಇದು. ದೊಡ್ಡ ದೃಶ್ಯಗಳನ್ನು ಕಾಪಾಡಲು ಜಗತ್ತೇ ಇದೆ. ನಯಾಗರದ ಚಿತ್ರ ಯಾವತ್ತು ಬೇಕಾದರೂ ಸಿಗುತ್ತದೆ. ನಿಮ್ಮ ಮಗಳ ಅಡುಗೆಮನೆಯ ಕಿಟಕಿಯಿಂದ ಅಕ್ಟೋಬರಿನ ಒಂದು ಬೆಳಿಗ್ಗೆ ಏನು ಕಾಣುತ್ತಿತ್ತು ಎಂಬುದು ನಿಮ್ಮೊಬ್ಬರ ಹತ್ತಿರವೇ ಇರುವ ಸಂಗತಿ.

ಲೆಕ್ಕ ಹಾಕಿ ನೋಡಿದರೂ ಇದು ತಿಳಿಯುತ್ತದೆ. ಪ್ರವಾಸಿ ವೀಸಾದಲ್ಲಿ ಹೋದ ತಂದೆತಾಯಿಗೆ ಅಮೆರಿಕದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 6 ತಿಂಗಳವರೆಗೆ ಇರಲು ಅವಕಾಶ. ಮಕ್ಕಳಿಗೆ ಸಿಗುವ ರಜೆ ಕಡಿಮೆ. ದೂರದ ಊರು ನೋಡಲು ಹೊರಡುವುದು ಕೆಲವು ವಾರಾಂತ್ಯಗಳಲ್ಲಿ, ಒಂದೆರಡು ಉದ್ದನೆಯ ರಜೆಗಳಲ್ಲಿ. ಉಳಿದ ದಿನಗಳೆಲ್ಲ ಮನೆ, ಬೀದಿ, ಅಂಗಡಿ, ಪಾರ್ಕು, ಗ್ರಂಥಾಲಯ. ಆದರೆ ಊರಿಗೆ ಮರಳಿದ ಮೇಲೆ ಪ್ರವಾಸ ಎಂದರೆ ಆ ಕೆಲವೇ ವಾರಾಂತ್ಯಗಳು ಎಂಬಂತಾಗುತ್ತದೆ. ಬಹುಪಾಲು ದಿನಗಳು ಲೆಕ್ಕಕ್ಕೇ ಬರುವುದಿಲ್ಲ.

ಇದರ ಕಾರಣ ನೆನಪು ಕೆಲಸ ಮಾಡುವ ರೀತಿಯಲ್ಲೇ ಇದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಮರೆವನ್ನು ಅಳೆಯಲು ಹೊರಟು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಉಳಿಯುತ್ತದೆ ಎಂದು ಪರೀಕ್ಷಿಸಿ 1885ರಲ್ಲಿ ಪುಸ್ತಕ ಪ್ರಕಟಿಸಿದ. ಮರೆವಿನ ಇಳಿಜಾರು ಮೊದಲಲ್ಲೇ ಕಡಿದು, ಆಮೇಲೆ ನಿಧಾನ ಎಂಬುದು ಅವನು ಕಂಡುಕೊಂಡ ಸತ್ಯ. ಬದುಕಿನ ಘಟನೆಗಳು ಅರ್ಥವಿಲ್ಲದ ಅಕ್ಷರಗಳಲ್ಲ, ಅವು ಅಷ್ಟು ಬೇಗ ಅಳಿಯುವುದಿಲ್ಲ. ಆದರೆ ಅವಕ್ಕೆ ಇನ್ನೊಂದು ಗಂಡಾಂತರವಿದೆ. ಒಂದರಂತೆ ಒಂದಿರುವ ದಿನಗಳು ಮನಸ್ಸಿನಲ್ಲಿ ಕೂಡಿಕೊಂಡು ಒಂದೇ ದಿನವಾಗುತ್ತವೆ. ಮೊಮ್ಮಗಳನ್ನು ಬಸ್ಸಿಗೆ ಬಿಟ್ಟ ಮೊದಲ ಬೆಳಿಗ್ಗೆ ಚೆನ್ನಾಗಿ ನೆನಪಿರುತ್ತದೆ. ನಲವತ್ತನೆಯ ಬೆಳಿಗ್ಗೆ ಅವಳು ದಾರಿಯಲ್ಲಿ ಕೇಳಿದ ಪ್ರಶ್ನೆ "ದಿನಾ ಬಿಡ್ತಿದ್ದೆ" ಎಂಬ ಒಂದು ಸಾಲಿನೊಳಗೆ ಕರಗಿಹೋಗಿರುತ್ತದೆ.

ಇದಕ್ಕೆ ಜೊತೆಯಾಗಿ ನೆನಪಿಗೆ ಇನ್ನೊಂದು ಗುಣವಿದೆ. ಮನೋವಿಜ್ಞಾನಿ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ತೋರಿಸಿಕೊಟ್ಟಿತು. ಒಂದು ಸಲ ಜನರು 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡು ಕೈ ಅದ್ದಿಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡು, ಅದರ ಮೇಲೆ ಇನ್ನೂ 30 ಸೆಕೆಂಡು. ಆ ಕೊನೆಯ 30 ಸೆಕೆಂಡಿನಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸುತ್ತಿದ್ದರು. ಮತ್ತೊಮ್ಮೆ ಮಾಡಬೇಕಾದರೆ ಯಾವುದನ್ನು ಆರಿಸುತ್ತೀರಿ ಎಂದಾಗ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು. ನೋವಿನ ಹೊತ್ತು ಅದರಲ್ಲೇ ಜಾಸ್ತಿ, ಆದರೂ ಮುಗಿದದ್ದು ಸ್ವಲ್ಪ ಹಿತವಾಗಿ. ಅನುಭವಕ್ಕೆ ಬೆಲೆ ಕಟ್ಟುವಾಗ ನೆನಪು ಅದರ ಅತ್ಯಂತ ತೀವ್ರ ಗಳಿಗೆಯನ್ನೂ ಕೊನೆಯನ್ನೂ ಹಿಡಿದುಕೊಳ್ಳುತ್ತದೆ, ಎಷ್ಟು ಹೊತ್ತು ನಡೆಯಿತು ಎಂಬುದನ್ನು ಹೆಚ್ಚು ಲೆಕ್ಕಿಸುವುದಿಲ್ಲ. ಹೀಗೆ 6 ತಿಂಗಳ ವಾಸ ನಯಾಗರದ ಒಂದು ಮಧ್ಯಾಹ್ನವಾಗಿ, ವಿಮಾನ ನಿಲ್ದಾಣದ ಒಂದು ಬೀಳ್ಕೊಡುಗೆಯಾಗಿ ಉಳಿದುಬಿಡುತ್ತದೆ.

ರಾಗಿ ಹಿಟ್ಟನ್ನು ಜರಡಿ ಹಿಡಿದಾಗ ಮೇಲೆ ನಿಲ್ಲುವುದು ದಪ್ಪ ತರಿ. ಮುದ್ದೆಗೆ ಬೇಕಾದ ಹಿಟ್ಟು ಸದ್ದಿಲ್ಲದೆ ಕೆಳಗೆ ಇಳಿದಿರುತ್ತದೆ. ನೆನಪಿನ ಜರಡಿಯೂ ದಪ್ಪನೆಯದನ್ನು ಮಾತ್ರ ಎದುರಿಗೆ ಹಿಡಿಯುತ್ತದೆ. ಕೆಳಗೆ ಇಳಿದದ್ದನ್ನು ಒಟ್ಟುಮಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಹೀಗೆ ಒಟ್ಟುಮಾಡಿಕೊಂಡದ್ದು ಮುಂದೆ ಎಷ್ಟು ಸಂತೋಷ ಕೊಡುತ್ತದೆ ಎಂಬುದನ್ನು ನಾವು ಮೊದಲೇ ಅಂದಾಜು ಮಾಡಲಾರೆವು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಟಿಂಗ್ ಜಾಂಗ್ ಮತ್ತು ಸಂಗಡಿಗರು 2014ರಲ್ಲಿ ಈ ಕುರಿತು ಒಂದು ಅಧ್ಯಯನ ಪ್ರಕಟಿಸಿದರು. 135 ವಿದ್ಯಾರ್ಥಿಗಳಿಗೆ ತಮ್ಮ ಆಗಿನ ಸಾಧಾರಣ ಬದುಕನ್ನು ದಾಖಲಿಸಿಡಲು ಹೇಳಿದರು. ಇತ್ತೀಚಿನ ಒಂದು ಮಾತುಕತೆ, ಈಚೆಗೆ ಕೇಳಿದ ಮೂರು ಹಾಡು, ಗೆಳೆಯರ ನಡುವಿನ ಒಂದು ತಮಾಷೆ, ಇಂಥವು. ಮೂರು ತಿಂಗಳ ನಂತರ ಇದನ್ನು ತೆರೆದು ನೋಡುವಾಗ ಎಷ್ಟು ಕುತೂಹಲ ಇರುತ್ತದೆ ಎಂದು ಊಹಿಸಲು ಹೇಳಿದರು. ಮೂರು ತಿಂಗಳಾದ ಮೇಲೆ ಅವರಿಗಿದ್ದ ಕುತೂಹಲ ಅವರ ಊಹೆಯನ್ನು ಮೀರಿತ್ತು. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ಸಂಗಾತಿಯ ಜೊತೆ ಕಳೆದ ಒಂದು ಮಾಮೂಲಿ ದಿನದ ಬಗ್ಗೆಯೂ ವ್ಯಾಲೆಂಟೈನ್ಸ್ ದಿನದ ಬಗ್ಗೆಯೂ ಬರೆಸಿ, ಕೆಲವು ತಿಂಗಳ ಬಳಿಕ ಓದಲು ಕೊಟ್ಟರು. ಅಂದಾಜು ಹೆಚ್ಚು ತಪ್ಪಿದ್ದು ಮಾಮೂಲಿ ದಿನದ ವಿಷಯದಲ್ಲಿ. ವಿಶೇಷ ದಿನ ಹೇಗೂ ನೆನಪಿರುತ್ತದೆ, ಓದಿದಾಗ ಹೊಸದಾಗಿ ಸಿಗುವುದು ಕಡಿಮೆ. ಮಾಮೂಲಿ ದಿನ ಮರೆತುಹೋಗಿರುತ್ತದೆ, ಓದಿದಾಗ ಇಡಿಯಾಗಿ ಎದ್ದು ಬರುತ್ತದೆ.

ವಯಸ್ಸೂ ಇದಕ್ಕೆ ಕೂಡಿಬರುತ್ತದೆ. ಅದೇ 2014ರಲ್ಲಿ ಸಂಶೋಧಕರಾದ ಅಮಿತ್ ಭಟ್ಟಾಚಾರ್ಜಿ ಮತ್ತು ಕ್ಯಾಸಿ ಮೊಗಿಲ್ನರ್ ಪ್ರಕಟಿಸಿದ ಅಧ್ಯಯನ, ಅಪರೂಪದ ಅನುಭವ ಮತ್ತು ದಿನನಿತ್ಯದ ಅನುಭವ ಯಾರಿಗೆ ಎಷ್ಟು ಸಂತೋಷ ಕೊಡುತ್ತವೆ ಎಂದು ನೋಡಿತು. ಅಪರೂಪದ ಅನುಭವ ಎಲ್ಲ ವಯಸ್ಸಿನವರಿಗೂ ಸಂತೋಷ ತರುತ್ತದೆ. ಆದರೆ ಮುಂದೆ ಉಳಿದಿರುವ ಕಾಲ ಕಡಿಮೆ ಎನಿಸಿದಷ್ಟೂ ದಿನನಿತ್ಯದ ಅನುಭವ ಕೊಡುವ ಸಂತೋಷ ಏರುತ್ತ ಹೋಗುತ್ತದೆ. ಎಳೆಯರು ತಾವು ಯಾರೆಂದು ಕಂಡುಕೊಳ್ಳಲು ಅಸಾಧಾರಣವನ್ನು ಅರಸುತ್ತಾರೆ. ಹಿರಿಯರು ತಾವು ಯಾರೆಂಬುದನ್ನು ನಿತ್ಯದ ಬದುಕಿನಲ್ಲೇ ಕಾಣುತ್ತಾರೆ. ಅಪ್ಪ ಅಮ್ಮನನ್ನು ಎಲ್ಲೆಲ್ಲಿಗೋ ಕರೆದೊಯ್ಯಲು ಆಗಲಿಲ್ಲವಲ್ಲ ಎಂದು ಕೊರಗುವ ಮಕ್ಕಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮನೆಯಲ್ಲಿ ಒಟ್ಟಿಗೆ ಕಳೆದ ಸಂಜೆಗಳೂ ಅವರ ಪ್ರವಾಸವೇ.

ಇಷ್ಟಕ್ಕೂ ಈ ಸಣ್ಣ ಸಂಗತಿಗಳು ಸಣ್ಣವೇನಲ್ಲ. ಪರದೇಶದ ನಿತ್ಯಬದುಕಿನ ಒಂದೊಂದು ವಸ್ತುವಿನ ಹಿಂದೆಯೂ ಆ ಸಮಾಜ ಯೋಚಿಸಿ ತೆಗೆದುಕೊಂಡ ನಿರ್ಧಾರವೊಂದಿದೆ. ಅಜ್ಜಿ ಮೊಮ್ಮಗಳನ್ನು ಹತ್ತಿಸುವ ಹಳದಿ ಬಸ್ಸನ್ನೇ ತೆಗೆದುಕೊಳ್ಳಿ. 1930ರ ದಶಕದವರೆಗೂ ಅಮೆರಿಕದ ಮಕ್ಕಳು ಬಣ್ಣಬಣ್ಣದ ಬಸ್ಸುಗಳಲ್ಲಿ, ಲಾರಿಗಳಲ್ಲಿ, ಕೆಲವೆಡೆ ಕುದುರೆ ಗಾಡಿಗಳಲ್ಲಿ ಕೂಡ ಶಾಲೆಗೆ ಹೋಗುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಫ್ರ್ಯಾಂಕ್ ಸೈರ್ 1939ರಲ್ಲಿ, ಆಗಿದ್ದ 48 ರಾಜ್ಯಗಳ ಪ್ರತಿನಿಧಿಗಳನ್ನೂ ಬಸ್ ತಯಾರಕರನ್ನೂ ನ್ಯೂಯಾರ್ಕಿನಲ್ಲಿ ಒಟ್ಟಿಗೆ ಕೂರಿಸಿದರು. ಮಕ್ಕಳ ಸುರಕ್ಷತೆಗಾಗಿ ಅಳತೆಗಳು ನಿಗದಿಯಾದವು, ಬಣ್ಣವೂ ಅಲ್ಲೇ ನಿಗದಿಯಾಯಿತು. ಬೆಳಗಿನ ಮಬ್ಬಿನಲ್ಲೂ ದೂರದಿಂದ ಕಾಣಬೇಕು, ಅದರ ಮೇಲಿನ ಕಪ್ಪು ಅಕ್ಷರ ಓದಲು ಬರಬೇಕು ಎಂಬ ಕಾರಣಕ್ಕೆ ಆ ಹಳದಿ. ಮಕ್ಕಳು ಹತ್ತಿ ಇಳಿಯುವಾಗ ಬಸ್ಸಿನ ಪಕ್ಕದಿಂದ ಕೆಂಪು ಸ್ಟಾಪ್ ಫಲಕ ಚಾಚಿಕೊಳ್ಳುತ್ತದೆ. ನಡುವೆ ವಿಭಜಕವಿಲ್ಲದ ಸಾಧಾರಣ ರಸ್ತೆಯಲ್ಲಿ ಎರಡೂ ದಿಕ್ಕಿನ ವಾಹನಗಳು ನಿಲ್ಲಬೇಕು, ಅದು ಕಾನೂನು. ಒಂದು ಮಗುವಿಗಾಗಿ ಇಡೀ ಬೀದಿ ನಿಲ್ಲುವುದನ್ನು ದಿನವೂ ನೋಡಿದ ಅಜ್ಜಿಗೆ ಆ ದೇಶದ ಬಗ್ಗೆ ಯಾವ ಸ್ಮಾರಕವೂ ಹೇಳಿಕೊಡದ ವಿಷಯವೊಂದು ತಿಳಿದಿರುತ್ತದೆ.

ಬೀದಿಯ ಕೊನೆಗೆ ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ ದೀಪವಿಲ್ಲ, ಪೊಲೀಸರಿಲ್ಲ. ನಾಲ್ಕೂ ಕಡೆ ಸ್ಟಾಪ್ ಫಲಕ. ಮೊದಲು ಬಂದು ನಿಂತವರು ಮೊದಲು ಹೋಗಬೇಕು, ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ. ರಸ್ತೆ ದಾಟುವವರಿದ್ದರೆ ಎಲ್ಲರೂ ಕಾಯಬೇಕು. ಅಲ್ಲೇ ಕಾಲುದಾರಿಯ ಅಂಚನ್ನು ಇಳಿಜಾರು ಮಾಡಿ ರಸ್ತೆಗೆ ಸೇರಿಸಿರುತ್ತಾರೆ. ಮೊಮ್ಮಗುವಿನ ತಳ್ಳುಗಾಡಿಯನ್ನು ಸಲೀಸಾಗಿ ಇಳಿಸಿಕೊಂಡು ಹೋಗುವ ಅಜ್ಜನಿಗೆ ಅದು ಒಂದು ಅನುಕೂಲ. ಆ ಇಳಿಜಾರು ಬಂದದ್ದು ಗಾಲಿಕುರ್ಚಿಯಲ್ಲಿ ಕೂತವರ ಹೋರಾಟದಿಂದ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅಂಗವಿಕಲ ವಿದ್ಯಾರ್ಥಿಗಳು, ಕಾರ್ಯಕರ್ತರು 1970ರ ಹೊತ್ತಿಗೆ ಇದಕ್ಕಾಗಿ ಒತ್ತಾಯಿಸಿದರು. 1990ರಲ್ಲಿ ಅಂಗವಿಕಲರ ಹಕ್ಕಿನ ಕಾಯಿದೆ ಬಂದ ಮೇಲೆ ಅದು ದೇಶದ ನಿಯಮವೇ ಆಯಿತು. ಕೆಲವರು ತಮ್ಮ ಘನತೆಗಾಗಿ ಗೆದ್ದುಕೊಂಡದ್ದು ಸಾವಿರಾರು ಮೈಲಿ ದೂರದಿಂದ ಬಂದ ಒಬ್ಬ ಅಜ್ಜನ ಮಂಡಿನೋವಿಗೂ ಒದಗಿತು.

ಮನೆಯೆದುರಿನ ಟಪಾಲು ಡಬ್ಬಿಯ ಕತೆಯೂ ಸ್ವಾರಸ್ಯದ್ದೇ. ಅಮೆರಿಕದ ಹಳ್ಳಿಗಳಲ್ಲಿ ಮನೆಬಾಗಿಲಿಗೆ ಉಚಿತವಾಗಿ ಟಪಾಲು ತಲುಪಿಸುವ ವ್ಯವಸ್ಥೆ 1896ರಲ್ಲಿ ಶುರುವಾಯಿತು. ಸುರಂಗದ ಹಾಗೆ ಮೇಲೆ ಬಾಗಿದ ಈಗಿನ ಡಬ್ಬಿಯ ವಿನ್ಯಾಸ 1915ರದು, ಅಂಚೆ ಇಲಾಖೆಯ ಎಂಜಿನಿಯರ್ ರಾಯ್ ಜೋರೋಲ್‌ಮನ್ ಮಾಡಿದ್ದು. ಪಕ್ಕದ ಕೆಂಪು ಬಾವುಟ ಎತ್ತಿದ್ದರೆ ಒಳಗೆ ಕಳಿಸಬೇಕಾದ ಕಾಗದವಿದೆ ಎಂದರ್ಥ, ಅಂಚೆಯವರು ಬಂದು ಒಯ್ಯುತ್ತಾರೆ. ಊರಿಗೆ ಗ್ರೀಟಿಂಗ್ ಕಾರ್ಡು ಬರೆದಿಟ್ಟು ಬಾವುಟ ಎತ್ತಿ, ಕಿಟಕಿಯಿಂದ ಕಾಯುತ್ತ ಕೂತ ಅಮ್ಮಂದಿರು ಎಷ್ಟೋ ಮಂದಿ.

ಇನ್ನು ಊರಿನ ಗ್ರಂಥಾಲಯ. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯ ಹಣದಿಂದ ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದಲ್ಲಿ 1,600ಕ್ಕೂ ಹೆಚ್ಚು ಸಾರ್ವಜನಿಕ ಗ್ರಂಥಾಲಯಗಳು ಎದ್ದವು. ಸ್ಥಳವನ್ನೂ ವರ್ಷವರ್ಷದ ಖರ್ಚನ್ನೂ ಊರಿನವರೇ ವಹಿಸಿಕೊಳ್ಳಬೇಕೆಂಬುದು ಆತನ ಷರತ್ತು. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಅಲ್ಲಿನ ಗ್ರಂಥಾಲಯ ಎಂಥ ಆಸರೆ ಎಂಬುದನ್ನು ಹೋಗಿ ಬಂದವರೇ ಹೇಳಬೇಕು. ಯಾರೂ ಏಕೆ ಬಂದಿರಿ ಎನ್ನುವುದಿಲ್ಲ, ಎಷ್ಟು ಹೊತ್ತು ಕೂತರೂ ಏಳಿ ಎನ್ನುವುದಿಲ್ಲ. ಮಕ್ಕಳಿಗೆ ಕತೆ ಓದಿಹೇಳುವ ಹೊತ್ತಿನಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಬೇರೆ ಬೇರೆ ದೇಶದ ಅಜ್ಜ ಅಜ್ಜಿಯರು ಒಬ್ಬರಿಗೊಬ್ಬರು ಮುಗುಳ್ನಗುತ್ತಾರೆ. ಭಾಷೆ ಬಾರದಿದ್ದರೂ ಯಾರ ಮೊಮ್ಮಗು ಯಾವುದೆಂದು ಎಲ್ಲರಿಗೂ ಗೊತ್ತು.

ಗಡಿಯಾರವೂ ಅಲ್ಲಿ ನಿತ್ಯದ ಮಾತಿನ ವಿಷಯ. 2007ರಿಂದ ಜಾರಿಯಲ್ಲಿರುವ ಕ್ರಮದಂತೆ ಅಮೆರಿಕದ ಹೆಚ್ಚಿನ ಭಾಗ ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಹಾಸನದ ತಂಗಿಗೆ ಸಂಜೆ ಏಳೂವರೆಗೆ ಫೋನು ಮಾಡಬೇಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಏಳು, ಚಳಿಗಾಲದಲ್ಲಿ ಬೆಳಿಗ್ಗೆ ಆರು. ಕೈಬೆರಳು ಎಣಿಸಿ ಈ ಲೆಕ್ಕ ಹಾಕುವ ಹೊತ್ತಿನಲ್ಲಿ ಎರಡು ಮನೆಗಳ ಒಲೆಯೂ ಒಟ್ಟಿಗೆ ಕಣ್ಣೆದುರಿಗೆ ಬರುತ್ತದೆ. ಅಲ್ಲಿ ಬೆಳಗಿನ ಕಾಫಿ, ಇಲ್ಲಿ ರಾತ್ರಿಯ ಅನ್ನ. ಪೂರ್ವ ಕರಾವಳಿಯಲ್ಲಿದ್ದವರಿಗೆ ನಿತ್ಯದ ಮಾತಿಗೆ ಅಕ್ಟೋಬರಿನ ಮರಗಳೂ ಇವೆ. ಹಗಲು ಕಿರಿದಾಗುತ್ತಿದ್ದಂತೆ ಎಲೆಯ ಹಸಿರು ಕಣಗಳು ಒಡೆದು, ಮೊದಲಿಂದಲೂ ಒಳಗಿದ್ದ ಹಳದಿ ಹೊರಗೆ ಕಾಣುತ್ತದೆ. ಮೇಪಲ್‌ನಂಥ ಮರಗಳು ಆ ಹೊತ್ತಿನಲ್ಲಿ ಕೆಂಪನ್ನು ಹೊಸದಾಗಿ ತಯಾರಿಸುತ್ತವೆ. ಇದನ್ನು ನೋಡಲು ಟಿಕೆಟ್ ಬೇಡ, ಬಾಗಿಲು ತೆರೆದರೆ ಸಾಕು.

ಸ್ಮಾರಕದ ಮುಂದೆ ನಾವು ನೋಡುಗರು. ಲಕ್ಷಾಂತರ ಜನ ನಿಂತ ಕಡೆಯೇ ನಿಂತು, ಅವರು ಕಂಡದ್ದನ್ನೇ ಕಾಣುತ್ತೇವೆ. ಕಸದ ಡಬ್ಬ ಎಳೆದಿಡುವಾಗ, ನಾಲ್ಕು ರಸ್ತೆಯಲ್ಲಿ ಸರದಿಗೆ ಕಾಯುವಾಗ, ಗ್ರಂಥಾಲಯದ ಕಾರ್ಡು ಮಾಡಿಸುವಾಗ ನಾವು ಅಲ್ಲಿನ ಬದುಕಿನಲ್ಲಿ ಪಾಲುದಾರರು. ಸ್ವಲ್ಪ ಕಾಲಕ್ಕಾದರೂ ಆ ಬೀದಿಗೆ ಸೇರಿದವರು. ಹಿಂತಿರುಗಿ ನೋಡಿದಾಗ ಮನಸ್ಸು ಅಲ್ಲಿಗೇ ಹೋಗಿ ನಿಲ್ಲುವುದು ಇದರಿಂದ.

ಹಾಗಾದರೆ ಇವನ್ನು ಉಳಿಸಿಕೊಳ್ಳುವುದು ಹೇಗೆ? ಫೋಟೊ ಸಾಲದೇ ಎಂದು ಕೇಳಬಹುದು. ಸಾಲದು. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಕಲಾ ಸಂಗ್ರಹಾಲಯದಲ್ಲಿ ಸುತ್ತಾಡಿಸಿ, ಕೆಲವು ವಸ್ತುಗಳನ್ನು ಬರೀ ನೋಡಲು, ಕೆಲವನ್ನು ಫೋಟೊ ತೆಗೆಯಲು ಹೇಳಿದರು. ಮರುದಿನ ಕೇಳಿದಾಗ, ಇಡಿಯಾಗಿ ಫೋಟೊ ತೆಗೆದ ವಸ್ತುಗಳಿಗಿಂತ ಕಣ್ಣಾರೆ ನೋಡಿದವೇ ಚೆನ್ನಾಗಿ ನೆನಪಿದ್ದವು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಎಂದು ಮನಸ್ಸು ಕೈಬಿಟ್ಟಿರಬಹುದು. ಆದರೆ ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರಲ್ಲಿ ಈ ನಷ್ಟ ಆಗಲಿಲ್ಲ. ಗಮನವಿಟ್ಟು ತೆಗೆದ ಚಿತ್ರ ನೆನಪನ್ನು ಕದಿಯುವುದಿಲ್ಲ. 2017ರ ಇನ್ನೊಂದು ಅಧ್ಯಯನದಲ್ಲಿ, ತಾವಾಗಿ ಫೋಟೊ ತೆಗೆಯುವವರಿಗೆ ಕಂಡದ್ದು ಹೆಚ್ಚು ನೆನಪಿದ್ದು, ಕೇಳಿದ್ದು ಕಡಿಮೆ ನೆನಪಿರುವುದು ಕಂಡುಬಂತು.

ಇದರಿಂದ ಎರಡು ಪಾಠ. ಫೋಟೊ ತೆಗೆಯುವಾಗ ಚಿಕ್ಕದರತ್ತ ತಿರುಗಿ. ಪ್ರತಿಮೆಯ ಮುಂದೆ ನಿಂತ ಚಿತ್ರ ಇರಲಿ, ಜೊತೆಗೆ ಮಗನ ಮನೆಯ ಬಾಗಿಲ ಬಳಿ ಸಾಲಾಗಿ ಬಿಟ್ಟ ಚಪ್ಪಲಿಗಳು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಮಕ್ಕಳ ಚಿತ್ರ, ಅಂಗಡಿಯ ರಸೀದಿ ಇವೂ ಇರಲಿ. ಎರಡನೆಯದು, ಸದ್ದನ್ನು ಹಿಡಿದಿಡಿ. ಫೋನಿನಲ್ಲಿ ಒಂದು ನಿಮಿಷ ಧ್ವನಿಮುದ್ರಣ ಮಾಡುವುದು ಕಷ್ಟವೇನಲ್ಲ. ಮೊಮ್ಮಗ ತಡವರಿಸುತ್ತ ಕನ್ನಡ ಓದುವುದು, ಸಂಜೆ ಗ್ಯಾರೇಜ್ ಬಾಗಿಲು ಏಳುವ ಸದ್ದು, ಅದರ ಹಿಂದೆಯೇ "ಅಮ್ಮಾ" ಎನ್ನುವ ಮಗಳ ದನಿ.

ವಾಸನೆಯದಂತೂ ಬೇರೆಯೇ ದಾರಿ. ಕಂಡದ್ದು, ಕೇಳಿದ್ದು ಮಿದುಳಿನ ಥಾಲಮಸ್ ಎಂಬ ಕೇಂದ್ರವನ್ನು ಹಾದು ಮುಂದೆ ಹೋಗುತ್ತವೆ. ವಾಸನೆಯ ಸುದ್ದಿ ಆ ಸುತ್ತುಬಳಸಿಲ್ಲದೆ ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳಿಗೆ ಹತ್ತಿರದ ಹಾದಿಯಲ್ಲಿ ತಲುಪುತ್ತದೆ. ಅಲ್ಲಿ ಬಳಸುತ್ತಿದ್ದ ಒಂದು ಸೋಪು, ಒಗೆದ ಬಟ್ಟೆಯ ಡ್ರೈಯರಿನ ಬಿಸಿಯ ಘಮ, ದಾಲ್ಚಿನ್ನಿ ಹಾಕಿ ಬೇಯಿಸಿದ ಸೇಬು, ಇವು ವರ್ಷಗಳ ನಂತರ ಒಮ್ಮೆ ಮೂಗಿಗೆ ಬಡಿದರೆ ಇಡೀ ಮಧ್ಯಾಹ್ನ ಮರಳುತ್ತದೆ. ಸೂಟ್‌ಕೇಸಿನಲ್ಲಿ ಚಾಕೊಲೇಟಿನ ಪಕ್ಕ ಒಂದು ಸೋಪಿಗೂ ಜಾಗವಿರಲಿ.

ಇವೆಲ್ಲಕ್ಕಿಂತ ಗಟ್ಟಿಯಾದ ಸಾಧನ ಬರವಣಿಗೆ. ನೆದರ್ಲೆಂಡ್ಸಿನ ಮನೋವಿಜ್ಞಾನಿ ವಿಲೆಮ್ ವಾಗೆನಾರ್ 6 ವರ್ಷ ಕಾಲ ತನ್ನದೇ ಬದುಕಿನ ಸುಮಾರು 2,400 ಘಟನೆಗಳನ್ನು ಬರೆದಿಟ್ಟು, ತನ್ನ ನೆನಪನ್ನು ತಾನೇ ಪರೀಕ್ಷಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿದ. ಪ್ರತಿ ಘಟನೆಗೂ ಏನಾಯಿತು, ಯಾರಿದ್ದರು, ಎಲ್ಲಿ, ಯಾವಾಗ ಎಂಬ ನಾಲ್ಕು ಸುಳಿವು. ಏನಾಯಿತು ಎಂಬ ಸುಳಿವು ಘಟನೆಯನ್ನು ಚೆನ್ನಾಗಿ ಎಬ್ಬಿಸುತ್ತಿತ್ತು, ಬರೀ ದಿನಾಂಕದಿಂದ ಹೆಚ್ಚುಕಡಿಮೆ ಏನೂ ಬರುತ್ತಿರಲಿಲ್ಲ. ಹಾಗಾಗಿ ಡೈರಿಯಲ್ಲಿ ತಾರೀಕು ಹಾಕಿ "ಪಾರ್ಕಿಗೆ ಹೋದೆವು" ಎಂದು ಬರೆದರೆ ಸಾಲದು. ಪಾರ್ಕಿನಲ್ಲಿ ನಾಯಿ ಹಿಡಿದುಕೊಂಡು ಬಂದ ಹೆಂಗಸು ಸೀರೆಯ ಅಂಚನ್ನು ನೋಡಿ ಏನೆಂದಳು, ನೀವು ಏನೆಂದಿರಿ, ಮೊಮ್ಮಗ ನಡುವೆ ಬಂದು ಹೇಗೆ ಅನುವಾದಿಸಿದ, ಅದನ್ನು ಬರೆಯಿರಿ. ದಿನಕ್ಕೆ ಐದು ಸಾಲು ಸಾಕು. ಆದರೆ ಅಂದಂದೇ ಬರೆಯಬೇಕು.

ಅಂದಂದೇ ಎನ್ನುವುದಕ್ಕೆ ಕಾರಣವಿದೆ. ನೆನಪು ಪ್ರತಿಸಲ ಹೊಸದಾಗಿ ಕಟ್ಟಿಕೊಳ್ಳುವಂಥದು ಎಂದು ಕೇಂಬ್ರಿಜ್ಜಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ತೋರಿಸಿದ. ಒಂದು ಕತೆಯನ್ನು ಮತ್ತೆ ಮತ್ತೆ ಹೇಳುತ್ತ ಹೋದಂತೆ ನಮಗೆ ಪರಿಚಿತವಲ್ಲದ ವಿವರಗಳು ಉದುರಿ, ಕತೆ ನಮಗೆ ಪರಿಚಿತವಾದ ಅಚ್ಚಿಗೆ ಬರುತ್ತದೆ. ಊರಿಗೆ ಮರಳಿದ ಮೇಲೆ ಹತ್ತು ಮನೆಯಲ್ಲಿ ಹೇಳಿದ ಅಮೆರಿಕ ಹತ್ತನೆಯ ಮನೆಯ ಹೊತ್ತಿಗೆ ಎಲ್ಲರೂ ಹೇಳುವ ಅಮೆರಿಕವೇ ಆಗಿರುತ್ತದೆ. ನಿಮ್ಮದೇ ಆದ ಅಮೆರಿಕ ಉಳಿಯುವುದು ಅಂದು ರಾತ್ರಿ ಬರೆದ ಐದು ಸಾಲಿನಲ್ಲಿ.

ಅಮೆರಿಕದ ದಿನಗಳನ್ನು ಹೀಗೆ ಬರೆದಿಡುವುದರಲ್ಲಿ ಕನ್ನಡಕ್ಕೆ ದೊಡ್ಡ ಪರಂಪರೆಯೇ ಇದೆ. ಬಿ.ಜಿ.ಎಲ್. ಸ್ವಾಮಿ ಅವರ 'ಅಮೆರಿಕದಲ್ಲಿ ನಾನು', ಎ.ಎನ್. ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ', ಕೇಂದ್ರ ಸಾಹಿತ್ಯ ಅಕಾಡೆಮಿಯ 1980ರ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು'. ಮೂರ್ತಿರಾಯರೂ ಗೊರೂರರೂ ಇಳಿವಯಸ್ಸಿನಲ್ಲಿ ಆ ದೇಶಕ್ಕೆ ಹೋಗಿ ಬಂದವರು, ಇವತ್ತಿನ ನಮ್ಮ ಅಪ್ಪ ಅಮ್ಮಂದಿರ ಹಾಗೆಯೇ. ಇಂಥ ಪುಸ್ತಕಗಳನ್ನು ಈಗಲೂ ಕೈಗೆತ್ತಿಕೊಳ್ಳಬೇಕೆನಿಸುವುದು ಸ್ಥಳಗಳ ಮಾಹಿತಿಗಾಗಿ ಅಲ್ಲ, ಆ ಮಾಹಿತಿ ಎಂದೋ ಹಳತಾಯಿತು. ನಮ್ಮ ಊರಿನ ಕಣ್ಣೊಂದು ಅಲ್ಲಿನ ಮನೆ, ಊಟ, ಮಾತು, ಮನುಷ್ಯರ ಮೇಲೆ ಅಕ್ಕರೆಯಿಂದ ಬಿದ್ದಿದೆ, ಅದು ಹಳತಾಗಿಲ್ಲ. ಸಾಹಿತಿಯಾದವರು ಮಾತ್ರ ಇದನ್ನು ಮಾಡಬೇಕೆಂದೇನಿಲ್ಲ. ಸಂಸಾರದ ಲೆಕ್ಕವನ್ನು ನಲವತ್ತು ವರ್ಷ ಪುಸ್ತಕದಲ್ಲಿ ಬರೆದಿಟ್ಟ ಗೃಹಿಣಿಗೆ ಐದು ಸಾಲಿನ ದಿನಚರಿ ಬರೆಯುವ ಶಕ್ತಿ ಖಂಡಿತ ಇದೆ.

ಬರೆಯುವಾಗ ಸಿಹಿಯನ್ನಷ್ಟೇ ಬರೆಯಬಾರದು. ಪರದೇಶದ ಆ ದಿನಗಳಲ್ಲಿ ಒಂಟಿತನವಿದೆ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಇಳಿಯುವ ಮೌನ ಭಾರವಾದದ್ದು. ಕಾರು ಓಡಿಸಲು ಬಾರದವರಿಗೆ ಎಷ್ಟೋ ಊರುಗಳಲ್ಲಿ ಹಾಲಿನ ಅಂಗಡಿಗೂ ಒಬ್ಬರೇ ಹೋಗಲಾಗದು. ಮೊಮ್ಮಗುವಿನ ಇಂಗ್ಲಿಷು ಅರ್ಥವಾಗದೆ ಅಜ್ಜಿ ಕಣ್ಣೊರೆಸಿಕೊಂಡ ರಾತ್ರಿಯೂ ಇರುತ್ತದೆ. ಘಟನೆಯೊಂದಿಗೆ ಬಂದ ನೋವಿನ ಭಾವ, ಸಂತೋಷದ ಭಾವಕ್ಕಿಂತ ಬೇಗ ಮಸುಕಾಗುತ್ತದೆ ಎಂದು ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ನೆನಪು ತಾನಾಗಿಯೇ ಸಿಹಿಯ ಕಡೆ ವಾಲುತ್ತದೆ. ಅದು ಮನಸ್ಸಿಗೆ ಒಳ್ಳೆಯದು. ಆದರೆ ಕಷ್ಟವನ್ನೂ ಬರೆದಿಟ್ಟರೆ, ಆ ಮೌನವನ್ನು ಮುರಿದದ್ದು ಯಾವ ಪುಟ್ಟ ಸಂಗತಿ ಎಂಬುದು ಮುಂದೆ ತಿಳಿಯುತ್ತದೆ. ಪಕ್ಕದ ಮನೆಯ ಮುದುಕ ಕೈಯೆತ್ತಿದ್ದು ಯಾಕೆ ಅಷ್ಟು ದೊಡ್ಡದಾಗಿತ್ತು ಎಂಬುದು ಅದಕ್ಕೂ ಮುಂಚಿನ ಒಂಟಿತನ ಗೊತ್ತಿದ್ದವರಿಗಷ್ಟೇ ಅರ್ಥವಾಗುತ್ತದೆ.

ಮನೆಯ ಉಳಿದವರಿಗೂ ಒಂದು ಮಾತು. ಹಿರಿಯರು ಹಳೆಯದನ್ನು ಮೆಲುಕು ಹಾಕುವುದನ್ನು ವಯಸ್ಸಿನ ದೋಷವೆಂದು ಕಾಣುತ್ತಿದ್ದ ಕಾಲದಲ್ಲಿ, ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದ ಲೇಖನ ಆ ನೋಟವನ್ನು ಬದಲಿಸಿತು. ಬದುಕನ್ನು ಹಿಂತಿರುಗಿ ನೋಡಿ ಜೋಡಿಸಿಕೊಳ್ಳುವುದು ಮುಪ್ಪಿನ ಸಹಜ ಕೆಲಸ ಎಂದರು ಅವರು. ಹಾಗಾಗಿ ಪ್ರವಾಸ ಮುಗಿಸಿ ಬಂದ ಅಪ್ಪ ಅಮ್ಮನನ್ನು ಏನು ನೋಡಿದಿರಿ ಎಂದಷ್ಟೇ ಕೇಳಿ ಬಿಡಬೇಡಿ. ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದಿರಿ, ಯಾವ ಕುರ್ಚಿ ನಿಮ್ಮದಾಗಿತ್ತು, ಹಗಲಲ್ಲಿ ಯಾರ ದಾರಿ ಕಾಯುತ್ತಿದ್ದಿರಿ ಎಂದು ಕೇಳಿ. ಆಗ ಸಿಗುವ ಉತ್ತರಗಳಿಗೆ ಕೊನೆಯಿಲ್ಲ.

ಅಲ್ಲಿರುವ ಮಕ್ಕಳಿಗೂ ಈ ದಿನಗಳ ಬೆಲೆ ಬೇರೆ. ಅಪ್ಪ ಅಮ್ಮನಿಗೆ ಅದು ಪರದೇಶದ ನಿತ್ಯಬದುಕು. ಮಕ್ಕಳಿಗೆ ಅದು ಅಪ್ಪ ಅಮ್ಮ ಮನೆಯಲ್ಲಿದ್ದ ದಿನಗಳು. ಕೆಲಸ ಮುಗಿಸಿ ಬಾಗಿಲು ತೆಗೆದಾಗ ಒಗ್ಗರಣೆಯ ಘಮ ಬರುತ್ತಿದ್ದ, ಯಾರೋ ಒಬ್ಬರು ಕಾಯುತ್ತಿದ್ದ ದಿನಗಳು. ಈ 6 ತಿಂಗಳು ಮತ್ತೆ ಮತ್ತೆ ಸಿಗುವುದಿಲ್ಲ. ವಯಸ್ಸಾಗುತ್ತದೆ, ಉದ್ದನೆಯ ವಿಮಾನಯಾನ ಆಗದಾಗುತ್ತದೆ, ಒಂದು ವರ್ಷ "ಈ ಸಲ ಬೇಡ" ಎನ್ನುತ್ತಾರೆ, ಆಮೇಲೆ ಆ ಮಾತೇ ಎತ್ತುವುದಿಲ್ಲ. ಮೊಮ್ಮಕ್ಕಳು ಬೆಳೆದು, ತಮ್ಮ ಅಜ್ಜಿ ಹೇಗಿದ್ದರು ಎಂದು ತಿಳಿಯಬಯಸಿದಾಗ ಅವರಿಗೆ ಸ್ಮಾರಕದ ಮುಂದಿನ ಫೋಟೊದಿಂದ ಏನೂ ತಿಳಿಯುವುದಿಲ್ಲ.

ಆದ್ದರಿಂದ ಹೊರಡುವವರ ಕೈಚೀಲಕ್ಕೆ ಒಂದು ನೂರು ಪುಟದ ನೋಟ್‌ಬುಕ್ ಹಾಕಿ. ಹೋಗಿ ಬಂದವರು ಈ ವಾರವೇ ಕೂತು ನೆನಪಾದಷ್ಟನ್ನು ಬರೆಯಲಿ, ಕೈ ನಡುಗುವವರು ಹೇಳಲಿ, ಬೇರೆಯವರು ಬರೆದುಕೊಳ್ಳಲಿ. ಬರೆದದ್ದರ ಒಂದು ಪ್ರತಿ ಇಲ್ಲಿರಲಿ, ಒಂದು ಪ್ರತಿ ಅಲ್ಲಿನ ಮನೆಯಲ್ಲಿರಲಿ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗಾಗಿ ಅದನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಡಿ. ನೂರು ಪುಟ ತುಂಬುವಷ್ಟು ವಿಷಯ ಎಲ್ಲಿದೆ ಎಂದು ಯಾರಾದರೂ ಅಂದರೆ, ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನಾಯಿತು ಹೇಳಿ ಎಂದು ಶುರುಮಾಡಿಸಿ. ಒಂದು ದಿನಕ್ಕೇ ಎರಡು ಪುಟ ಬೇಕಾಗುತ್ತದೆ.